ಕೈ, ಎದೆ ಮತ್ತು ಒಂದು ತಪ್ಪು ಪದ: ‘ದಿ ಹಸ್ಲರ್’ಗೆ ಕನ್ನಡ ಸಬ್‌ಟೈಟಲ್ ಬರೆದ ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಸಿನಿಮಾ ತೋರಿಸುವ ಗುಂಪು ನಮ್ಮದು. ಊರಿನ ಹೆಸರು, ಜನರ ಹೆಸರು ಇಲ್ಲಿ ಬರುವುದಿಲ್ಲ. ಎಲ್ಲರನ್ನೂ ಅವರ ಕೆಲಸದಿಂದಲೇ ಗುರುತಿಸಿದ್ದೇನೆ. ಹೆಗ್ಗೋಡಿನ ನೀನಾಸಂ ಎಪ್ಪತ್ತರ ದಶಕದಲ್ಲೇ ಹಳ್ಳಿಯ ಜನರನ್ನು ಕೂರಿಸಿ ಜಗತ್ತಿನ ಸಿನಿಮಾ ತೋರಿಸಿದ ನೆನಪು ನಮ್ಮ ಕಡೆ ಇನ್ನೂ ಬಿಸಿಯಾಗಿದೆ. ಹಾಗಾಗಿ ಬೇರೆ ಭಾಷೆಯ, ಕಪ್ಪು ಬಿಳುಪಿನ ಹಳೇ ಚಿತ್ರ ಅಂದರೆ ಇಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ಆದರೆ ಇಂಗ್ಲಿಷ್ ಸಬ್‌ಟೈಟಲ್ ಓದುವ ವೇಗ ಎಲ್ಲರಿಗೂ ಇಲ್ಲ. ಮೊದಲೆಲ್ಲ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ನಡುನಡುವೆ ಚಿತ್ರ ನಿಲ್ಲಿಸಿ ಕತೆ ಹೇಳುತ್ತಿದ್ದರು. ಅದು ಸಾಕಾಗಿ, ನಾವೇ ಕನ್ನಡದಲ್ಲಿ ಸಬ್‌ಟೈಟಲ್ ಬರೆಯುವುದು ಅಂತ ತೀರ್ಮಾನವಾಯಿತು. ಬರೆಯುವುದು ನನ್ನ ಪಾಲು, ತಿದ್ದುವುದು ಮೇಷ್ಟ್ರ ಪಾಲು, ಒಂದೊಂದು ಸಾಲೂ ತೆರೆಯ ಮೇಲೆ ಯಾವಾಗ ಬಂದು ಯಾವಾಗ ಹೋಗಬೇಕು ಎಂದು ಕೂರಿಸುವುದು ಮೊಬೈಲ್ ಅಂಗಡಿಯ ಹುಡುಗನ ಪಾಲು.

ನಾವು ಆರಿಸಿದ್ದು ರಾಬರ್ಟ್ ರಾಸನ್ ನಿರ್ದೇಶನದ 1961ರ ‘ದಿ ಹಸ್ಲರ್’. ವಾಲ್ಟರ್ ಟೆವಿಸ್ 1959ರಲ್ಲಿ ಬರೆದ ಕಾದಂಬರಿಯ ಸಿನಿಮಾ ರೂಪ ಅದು. ಪಾಲ್ ನ್ಯೂಮನ್ ನಟಿಸಿರುವ ಎಡ್ಡಿ ಎಂಬ ತರುಣ ಊರೂರು ಸುತ್ತಿ ಪೂಲ್ (ಮೇಜಿನ ಮೇಲಿನ ಚೆಂಡುಗಳನ್ನು ಕೋಲಿನಿಂದ ಹೊಡೆದು ಅಂಚಿನ ಪಾಕೆಟ್‌ಗಳಿಗೆ, ಅಂದರೆ ಗುಂಡಿಗಳಿಗೆ, ಬೀಳಿಸುವ ಆಟ) ಆಡಿ, ದಡ್ಡನ ಹಾಗೆ ನಟಿಸಿ, ಎದುರಾಳಿಯ ದುಡ್ಡು ಹೊಡೆಯುವವ. ಅವನಿಗಿರುವುದು ಒಂದೇ ಆಸೆ: ನ್ಯೂಯಾರ್ಕ್‌ನ ಏಮ್ಸ್ ಎಂಬ ಪೂಲ್ ಹಾಲ್‌ಗೆ ಹೋಗಿ, ಜಾಕಿ ಗ್ಲೀಸನ್ ನಟಿಸಿರುವ ಮಿನೆಸೋಟಾ ಫ್ಯಾಟ್ಸ್ ಎಂಬ ಹೆಸರಾಂತ ಆಟಗಾರನನ್ನು ಸೋಲಿಸಬೇಕು. 25 ಗಂಟೆಗೂ ಮೀರಿ ಇಬ್ಬರೂ ಆಡುತ್ತಾರೆ. ಒಂದು ಹಂತದಲ್ಲಿ 18,000 ಡಾಲರ್ ಮುಂದಿದ್ದ ಎಡ್ಡಿ, ಕೊನೆಗೆ ಕೈಯಲ್ಲಿ 200 ಡಾಲರ್ ಹಿಡಿದು ಕುಸಿಯುತ್ತಾನೆ. ಚಿತ್ರದ ಉಳಿದ ಭಾಗವೆಲ್ಲ ಒಂದೇ ಪ್ರಶ್ನೆಯ ಸುತ್ತ: ಅಷ್ಟು ಮುಂದಿದ್ದವನು ಸೋತದ್ದು ಯಾಕೆ?

ಆಸ್ಕರ್‌ಗೆ 9 ನಾಮನಿರ್ದೇಶನ, 2 ಪ್ರಶಸ್ತಿ ಸಿಕ್ಕ ಚಿತ್ರ ಇದು. ಪ್ರಶಸ್ತಿ ಎರಡೂ ಕಣ್ಣಿಗೆ ಕಾಣುವ ಕೆಲಸಕ್ಕೆ, ಛಾಯಾಗ್ರಹಣಕ್ಕೆ ಮತ್ತು ಕಲಾ ನಿರ್ದೇಶನಕ್ಕೆ. ಅದು ನ್ಯಾಯವೇ. ಆ ಪೂಲ್ ಹಾಲ್‌ನ ಹೊಗೆ, ತೂಗುದೀಪ, ಮೇಜಿನ ಅಂಚಿಗೆ ಒರಗಿದ ದಣಿದ ಮೈಗಳು ಇವತ್ತಿಗೂ ಮೈಗೆ ಅಂಟುತ್ತವೆ.

ನಾವು ಅಂದುಕೊಂಡ ಸಮಸ್ಯೆ

ಕಷ್ಟ ಇರುವುದು ಆಟದ ಪದಗಳಲ್ಲಿ ಅಂತ ನಾವು ನಂಬಿದ್ದೆವು. ನಮ್ಮ ಊರಿನವರು ಕೇರಂ ಬಲ್ಲರು, ಇಸ್ಪೀಟು ಬಲ್ಲರು, ಪೂಲ್ ಗೊತ್ತಿಲ್ಲ. ಆಗ ನೆನಪಾದದ್ದು ಒಬ್ಬ ಅಜ್ಜ. ಪ್ಲಾಂಟರ್ಸ್ ಕ್ಲಬ್ಬೊಂದರಲ್ಲಿ ಬಹಳ ವರ್ಷ ಮಾರ್ಕರ್ ಆಗಿದ್ದವರು. ಬಿಲಿಯರ್ಡ್ಸ್ ಕೋಣೆಯಲ್ಲಿ ಅಂಕ ಬರೆಯುವುದು, ಚೆಂಡು ಜೋಡಿಸುವುದು, ಮೇಜಿನ ಬಟ್ಟೆಗೆ ಬ್ರಷ್ ಹಾಕುವುದು, ಸಾಹುಕಾರರಿಗೆ ಜೊತೆಗಾರರಿಲ್ಲದ ಸಂಜೆ ಅವರ ಎದುರು ಆಡುವುದು, ಎಲ್ಲಾ ಮಾರ್ಕರನ ಕೆಲಸ.

ಅವರ ಮನೆ ಜಗುಲಿಯಲ್ಲಿ ಕೂತು ನಾಲ್ಕು ಮಧ್ಯಾಹ್ನ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ನೋಡಿದೆವು. ಹೊರಗೆ ಜಡಿಮಳೆ. ಅಜ್ಜ ಒಂದು ಕೈ ಮೊಣಕಾಲ ಮೇಲೆ ಊರಿ, ಹೆಬ್ಬೆರಳೆತ್ತಿ, ತೋರುಬೆರಳಿನ ಜೊತೆ ಸಂದು ಮಾಡಿ ತೋರಿಸಿದರು. ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಜಾರುವ ದಾರಿ ಅದು. “ಈ ಹೆಬ್ಬೆರಳು ಹೋದ್ರೆ ಆಟಗಾರ ಹೋದ ಹಾಗೆ ಸ್ವಾಮಿ,” ಎಂದರು. ಚಿತ್ರದಲ್ಲಿ ಬಂದರಿನ ಬಳಿಯ ಕೊಳಕು ಹಾಲ್‌ನಲ್ಲಿ ಎಡ್ಡಿಯ ಎರಡೂ ಹೆಬ್ಬೆರಳು ಮುರಿಯುವ ದೃಶ್ಯ ಬರುವ ಮೊದಲೇ ಅವರು ಹೀಗೆಂದದ್ದು. ಲೂಯಿವಿಲ್‌ನ ಶ್ರೀಮಂತನ ಮನೆಯ ಆಟ ಬಂದಾಗ ಮೇಜಿಗೆ ಪಾಕೆಟ್ಟೇ ಇಲ್ಲ, ಅದು ಬೇರೆ ಆಟ, ಎಡ್ಡಿಯನ್ನು ಗೊತ್ತಿಲ್ಲದ ಆಟಕ್ಕೆ ಕರೆತಂದಿದ್ದಾರೆ ಎಂದು ಮೊದಲು ಹೇಳಿದ್ದೂ ಅವರೇ. ನನಗಾಗಲಿ ಮೇಷ್ಟ್ರಿಗಾಗಲಿ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಏಮ್ಸ್‌ನಲ್ಲಿ ಆಡುವ ಆಟದ ನಿಯಮ ಸರಳ. 15 ಚೆಂಡು, ಹೊಡೆಯಲು ಒಂದು ಬಿಳಿ ಚೆಂಡು. ಯಾವ ಚೆಂಡು, ಯಾವ ಪಾಕೆಟ್ ಎಂದು ಮೊದಲೇ ಹೇಳಿ ಹಾಕಬೇಕು. ಬಿದ್ದ ಒಂದೊಂದಕ್ಕೂ ಒಂದಂಕ. 14 ಬಿದ್ದಮೇಲೆ ಉಳಿದ ಒಂದನ್ನು ಇದ್ದಲ್ಲೇ ಬಿಟ್ಟು, 14ನ್ನು ಮತ್ತೆ ತ್ರಿಕೋನವಾಗಿ ಜೋಡಿಸಿ ಮುಂದುವರಿಸುತ್ತಾರೆ. ಗುರಿ ತಪ್ಪುವವರೆಗೆ ಒಬ್ಬನೇ ಆಡುತ್ತಾ ಹೋಗಬಹುದು. ಎದುರಾಳಿಗೆ ಕುರ್ಚಿಯೇ ಗತಿ. ಚಿತ್ರಕ್ಕೆ ಆಟ ಹೇಳಿಕೊಟ್ಟ ವಿಲ್ಲಿ ಮಾಸ್ಕೋನಿ ಎಂಬ ವಿಶ್ವ ಚಾಂಪಿಯನ್ 1954ರಲ್ಲಿ ಒಂದು ಪ್ರದರ್ಶನ ಪಂದ್ಯದಲ್ಲಿ ಹೀಗೆ ಬಿಡದೆ 526 ಚೆಂಡು ಹಾಕಿದ್ದರು. ಅಷ್ಟು ಹೊತ್ತೂ ಎದುರಾಳಿ ಕೂತೇ ಇರಬೇಕು. ಇದನ್ನು ಹೇಳಿದಾಗ ಅಜ್ಜ, “ಆಡೋನನ್ನ ಎಲ್ರೂ ನೋಡ್ತಾರೆ. ನಾನು ಕೂತೋನನ್ನ ನೋಡ್ತಿದ್ದೆ. ಯಾರು ಸೋಲ್ತಾರೆ ಅಂತ ಅಲ್ಲೇ ಗೊತ್ತಾಗೋದು,” ಎಂದರು.

ಅಜ್ಜ ಹೇಳಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಕ್ಯೂ, ಚಾಕ್, ಕುಶನ್, ಬ್ರೇಕ್ ಇವುಗಳನ್ನು ಕನ್ನಡ ಮಾಡಲು ಹೋಗದೆ ಹಾಗೇ ಇಟ್ಟೆವು. ‘ಹಸ್ಲರ್’ ಪದ ತುಸು ಸತಾಯಿಸಿತು. ಜೂಜುಕೋರ ಅಂದರೆ ಪೂರ್ತಿ ಬರುವುದಿಲ್ಲ, ಮೋಸಗಾರ ಅಂದರೆ ಅನ್ಯಾಯ. ಅವನು ಆಟದಲ್ಲಿ ಮೋಸ ಮಾಡುವುದಿಲ್ಲ, ತನ್ನ ಆಟವನ್ನು ಬಚ್ಚಿಡುತ್ತಾನೆ. ಕೊನೆಗೆ ‘ಗಾಳ ಹಾಕೋನು’ ಎಂದು ಬರೆದೆವು. ಜೂಜಿನ ದಲ್ಲಾಳಿ ಬರ್ಟ್ ಮೊದಲ ಪಂದ್ಯದಲ್ಲಿ ಹಾಲು ಕುಡಿಯುತ್ತಾ ಕೂತು, ಎಡ್ಡಿಯನ್ನು ಅಳೆದು, ಇವನ ಜೊತೆ ಆಡುತ್ತಲೇ ಇರು ಎಂದು ಫ್ಯಾಟ್ಸ್‌ಗೆ ಹೇಳುತ್ತಾನಲ್ಲ, ಅಲ್ಲಿ ಎಡ್ಡಿಯನ್ನು ಕರೆಯುವ ಪದಕ್ಕೆ ‘ಸೋಲೋ ಗಿರಾಕಿ’ ಎಂದೆವು. ಸೋತವನು ಬೇರೆ, ಸೋಲುವ ಗಿರಾಕಿ ಬೇರೆ. ಬರ್ಟ್‌ನ ಬಾಯಲ್ಲಿ ಗಿರಾಕಿ ಎಂಬ ವ್ಯಾಪಾರದ ಪದ ಬಹಳ ಚೆನ್ನಾಗಿ ಕೂತಿತು. ಈ ಪದ ಸಿಕ್ಕ ಸಂಜೆ ನಮಗೆ ದೊಡ್ಡ ಖುಷಿ.

ತಾಂತ್ರಿಕ ತೊಡಕುಗಳು ಎರಡೇ. ಮೊದಲ ಸಲ ಪ್ರೊಜೆಕ್ಟರ್‌ಗೆ ಹಾಕಿದಾಗ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಾಡಿದವು. ಫಾಂಟ್ ಬದಲಿಸಿ ಸರಿ ಮಾಡಿದೆವು. ಎರಡನೆಯದು ಅಕ್ಷರ ಕೂರಿಸುವ ಜಾಗ. ಚಿತ್ರ ಸಿನೆಮಾಸ್ಕೋಪ್‌ನಲ್ಲಿದೆ, ತೆರೆ ಅಗಲ. ಸಬ್‌ಟೈಟಲ್ ಚಿತ್ರದ ಮೇಲೆ ಬಂದರೆ ಮೇಜಿನ ಈಚೆ ಅಂಚೇ ಮುಚ್ಚಿಹೋಗುತ್ತದೆ. ಹುಡುಗ ಅದನ್ನು ಚಿತ್ರದ ಕೆಳಗಿನ ಕಪ್ಪು ಪಟ್ಟಿಗೆ ಇಳಿಸಿದ. ಅಗಲ ತೆರೆಯ ಹಳೇ ಚಿತ್ರಕ್ಕೆ ಅಕ್ಷರ ಕೂರಿಸುವವರೆಲ್ಲ ಮೊದಲು ಮಾಡಬೇಕಾದ ಕೆಲಸ ಇದು.

ಮೊದಲ ಪ್ರದರ್ಶನ

ಸುಮಾರು 40 ಜನ ಬಂದಿದ್ದರು. ಮಧ್ಯಂತರದಲ್ಲಿ ಕಾಫಿ ಕುಡಿಯುವಾಗಲೂ ಆಟದ್ದೇ ಮಾತು. ಆಟ ಅರ್ಥವಾಗಿದೆ ಎಂದು ನಾವು ಹಿಗ್ಗಿದೆವು. ಮುಗಿದ ಮೇಲೆ ಚರ್ಚೆ ಶುರುವಾಯಿತು. ಅರ್ಧ ಗಂಟೆ ಕಳೆದರೂ ನಿಲ್ಲಲಿಲ್ಲ.

ಆದರೆ ಚರ್ಚೆಯೆಲ್ಲ ಸಾರಾ ಮೇಲೆ. ಪೈಪರ್ ಲಾರಿ ಆಡಿದ ಪಾತ್ರ ಅದು. ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿರುವ, ಕಾಲು ಎಳೆದು ನಡೆಯುವ, ಕುಡಿಯುವ, ವಾರಕ್ಕೆರಡು ದಿನ ಕಾಲೇಜಿಗೆ ಹೋಗುವ, ಒಂಟಿ ಹೆಣ್ಣು. ಹೆಬ್ಬೆರಳು ಮುರಿದು ಬಂದ ಎಡ್ಡಿಯನ್ನು ನೋಡಿಕೊಳ್ಳುವವಳು ಅವಳೇ. ನಂತರ ಎಡ್ಡಿ ಬರ್ಟ್‌ನ ಜೊತೆ ಒಪ್ಪಂದ ಮಾಡಿಕೊಂಡು ಲೂಯಿವಿಲ್‌ಗೆ ಹೋದಾಗ ಅವಳೂ ಹೋಗುತ್ತಾಳೆ. ಅಲ್ಲಿಂದ ಅವಳು ಜೀವಂತ ಹಿಂದಿರುಗುವುದಿಲ್ಲ. ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು, “ನಡತೆ ಕೆಟ್ಟರೆ ಇದೇ ಗತಿ. ಸಿನಿಮಾ ಅದನ್ನೇ ಸ್ಪಷ್ಟವಾಗಿ ಹೇಳಿದೆ,” ಎಂದರು. ಹಲವರು ತಲೆಯಾಡಿಸಿದರು. ಎಡ್ಡಿ ಕುಡಿದು ಸೋತ, ಸಾರಾ ಕುಡಿದು ಸತ್ತಳು, ಇದು ಸಭೆಯ ತೀರ್ಪು. ಚರ್ಚೆ ಕಾವೇರಿದ್ದೇ ಗೆಲುವು ಅಂತ ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ನನಗೆ ಈಗಲೂ ನೋವು ಕೊಡುತ್ತದೆ.

ಕುರ್ಚಿ ಜೋಡಿಸುವ ಹೊತ್ತಿಗೆ ಒಬ್ಬ ಅಂಗನವಾಡಿ ಟೀಚರ್ ಹತ್ತಿರ ಬಂದರು. ಪ್ರತಿ ತಿಂಗಳೂ ಬಂದು ಹಿಂದಿನ ಸಾಲಿನಲ್ಲಿ ಕೂತು ನೋಡಿ ಹೋಗುವವರು. ಚರ್ಚೆಯಲ್ಲಿ ಯಾವತ್ತೂ ಮಾತಾಡಿದವರಲ್ಲ.

“ಅಣ್ಣಾ, ಒಂದು ಕೇಳ್ಲಾ? ಆ ಹುಡುಗಿದು ನಡತೆ ಸರಿ ಇಲ್ಲ ಅಂತ ಸಿನಿಮಾ ಹೇಳ್ತಿದ್ಯಾ, ಇಲ್ಲ ನೀವು ಬರೆದ್ರಾ?”

ನನಗೆ ಪ್ರಶ್ನೆ ತಿಳಿಯಲಿಲ್ಲ.

“ಅವಳ ಮುಖ ನೋಡಿದ್ರೆ ಹಾಗೆ ಅನ್ಸಲ್ಲ. ಕೆಳಗೆ ಓದಿದ್ರೆ ಹಾಗೆ ಅನ್ಸುತ್ತೆ,” ಎಂದರು. ಬಸ್ಸಿಗೆ ಹೊತ್ತಾಗಿತ್ತು, ಹೊರಟುಹೋದರು.

ನಿಜವಾದ ಸಮಸ್ಯೆ

ಅವತ್ತು ರಾತ್ರಿ ಫೈಲ್ ತೆಗೆದು ‘ನಡತೆ’ ಎಂಬ ಪದ ಎಲ್ಲೆಲ್ಲಿದೆ ಎಂದು ಹುಡುಕಿದೆ. ಬರ್ಟ್ ಎಡ್ಡಿಯನ್ನು ಮೊದಲ ಸಲ ಕೂರಿಸಿಕೊಂಡು ಮಾತಾಡುವ ದೃಶ್ಯ. ನಿನಗೆ ಟ್ಯಾಲೆಂಟ್ ಇದೆ, ಕ್ಯಾರೆಕ್ಟರ್ ಇಲ್ಲ ಎನ್ನುತ್ತಾನೆ. ಇಡೀ ಚಿತ್ರ ನಿಂತಿರುವುದು ಈ ಎರಡು ಪದಗಳ ಮೇಲೆ. ನಾನು ಮೊದಲನೆಯದಕ್ಕೆ ‘ಪ್ರತಿಭೆ’, ಎರಡನೆಯದಕ್ಕೆ ‘ನಡತೆ’ ಎಂದು ಬರೆದಿದ್ದೆ. ಚಾರಿತ್ರ್ಯ ಅಂದರೆ ಭಾರವಾಯಿತು, ಶಾಲೆಯ ನಡತೆ ಪ್ರಮಾಣಪತ್ರ ಎಲ್ಲರಿಗೂ ಗೊತ್ತಲ್ಲ, ಸುಲಭದ ಪದ ಎಂದು ಹಾಕಿದ್ದು. ಅದರ ಮೇಲೆ ಎರಡು ನಿಮಿಷವೂ ಕೂತಿರಲಿಲ್ಲ. ‘ಗಿರಾಕಿ’ಗೆ ಒಂದು ಸಂಜೆ ಕೊಟ್ಟವನು ಇದಕ್ಕೆ ಎರಡು ನಿಮಿಷ ಕೊಡಲಿಲ್ಲ.

ನಮ್ಮ ಕಡೆ ಒಬ್ಬರ ನಡತೆ ಸರಿ ಇಲ್ಲ ಅಂದರೆ ಏನರ್ಥ ಅಂತ ಬಿಡಿಸಿ ಹೇಳಬೇಕಿಲ್ಲ. ಹೆಣ್ಣಿನ ಬಗ್ಗೆ ಅಂದರಂತೂ ಒಂದೇ ಅರ್ಥ. ಬರ್ಟ್ ಹೇಳುತ್ತಿರುವುದು ಅದಲ್ಲವೇ ಅಲ್ಲ. ಕುಡಿದದ್ದರಿಂದ ಸೋತೆ ಎಂದು ಎಡ್ಡಿ ಅಂದಾಗ ಬರ್ಟ್ ಒಪ್ಪುವುದಿಲ್ಲ. ಸೋಲಲು ನಿನಗೊಂದು ನೆಪ ಬೇಕಿತ್ತು, ಕುಡಿತ ಒಳ್ಳೆ ನೆಪ, ತನ್ನ ಮೇಲೆ ತಾನೇ ಮರುಗುವುದು ಎಲ್ಲರಿಗೂ ಪ್ರಿಯವಾದ ಆಟ ಎನ್ನುತ್ತಾನೆ. ಕುಡಿತ ಕಾರಣವಲ್ಲ, ನೆಪ. ನನ್ನ ಒಂದು ಪದ ಇದನ್ನು ತಲೆಕೆಳಗು ಮಾಡಿತ್ತು: ಬರ್ಟ್ ನೆಪ ಎಂದದ್ದನ್ನು ಕಾರಣ ಮಾಡಿತ್ತು. ಒಮ್ಮೆ ‘ನಡತೆ’ ತಲೆಗೆ ಹೊಕ್ಕಿತೆಂದರೆ ಆಮೇಲೆ ಬರುವುದನ್ನೆಲ್ಲ ಜನ ಅದೇ ಅಳತೆಗೋಲಿನಲ್ಲಿ ಅಳೆಯುತ್ತಾರೆ. ಮದುವೆಯಾಗದೆ ಜೊತೆಗಿರುವ, ಮಧ್ಯಾಹ್ನಕ್ಕೇ ಬಾಟಲಿ ತೆಗೆಯುವ ಸಾರಾ ಆ ಕೋಲಿಗೆ ಸಿಕ್ಕಿಬಿದ್ದಿದ್ದಳು.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಇದಕ್ಕಿಂತ ಕ್ರೂರ. ಸಾಯುವ ಮೊದಲು ಸಾರಾ ಬಚ್ಚಲಮನೆಯ ಕನ್ನಡಿಯ ಮೇಲೆ ಲಿಪ್‌ಸ್ಟಿಕ್‌ನಲ್ಲಿ ಮೂರು ಪದ ಬರೆಯುತ್ತಾಳೆ. ವಿಕೃತ, ತಿರುಚಿದ, ಕುಂಟ ಎಂಬ ಅರ್ಥದ ಮೂರು ಪದ. ಇಂಗ್ಲಿಷ್‌ನಲ್ಲಿ ಅವಕ್ಕೆ ಲಿಂಗವಿಲ್ಲ. ಕನ್ನಡದಲ್ಲಿ ಬರೆಯುವಾಗ ನಾನು ಅವಳ ಕೈಬರಹ, ಅವಳ ಬಗ್ಗೆ ಎಂದುಕೊಂಡು ‘ವಿಕೃತಳು, ವಕ್ರಳು, ಕುಂಟಿ’ ಎಂದು ಬರೆದುಬಿಟ್ಟೆ. ಆದರೆ ಅದಕ್ಕೂ ಮೊದಲು, ಬರ್ಟ್‌ನ ಮುಂದೆ ದುಡ್ಡಿಗಾಗಿ ಅಂಗಲಾಚುತ್ತಿರುವ ಎಡ್ಡಿಯನ್ನು ತಡೆಯುತ್ತಾ ಸಾರಾ ಈ ಮೂರೇ ಪದ ಹೇಳಿರುತ್ತಾಳೆ. ಅಲ್ಲಿ ಅದು ಬರ್ಟ್ ಮತ್ತವನ ಲೋಕದ ಬಗ್ಗೆ: ಇವರೆಲ್ಲ ಮುಖವಾಡ ಹಾಕಿಕೊಂಡವರು, ಮುಖವಾಡದ ಕೆಳಗೆ ಇವರು ಹೀಗೆ ಎಂದು. ಆ ಜಾಗದಲ್ಲಿ ನಾನು ಬೇರೆ ಮೂರು ಪದ ಬಳಸಿದ್ದೆ! ಎರಡು ದೃಶ್ಯದ ನಡುವಿನ ದಾರ ನನ್ನ ಕೈಯಲ್ಲೇ ತುಂಡಾಗಿತ್ತು. ಕನ್ನಡಿಯ ಮೇಲಿನ ಬರಹ ಅವರ ಮೇಲಿನ ದೂರೂ ಹೌದು, ಆ ಕೋಣೆಗೆ ತಾನೂ ಇಳಿದೆನಲ್ಲ ಎಂಬ ನೋವೂ ಹೌದು. ನಮ್ಮ ಸಭೆಗೆ ಅದು ಅವಳ ತಪ್ಪೊಪ್ಪಿಗೆಯಾಗಿ ಕಂಡಿತ್ತು.

ಏನೇನು ಪ್ರಯತ್ನಿಸಿದೆವು

ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಾನೂ ಓದಿ ಸೈ ಅಂದಿದ್ದೆ, ಮಾರಾಯ. ನನಗೂ ಕಾಣಲಿಲ್ಲ,” ಎಂದರು.

ಮೊದಲು ‘ಕ್ಯಾರೆಕ್ಟರ್’ ಪದವನ್ನೇ ಕನ್ನಡ ಅಕ್ಷರದಲ್ಲಿ ಇಟ್ಟು ನೋಡಿದೆವು. ಅದು ‘ನಡತೆ’ಗಿಂತ ಕಡೆ. ಕನ್ನಡದ ಬಾಯಲ್ಲಿ ‘ಅವಳ ಕ್ಯಾರೆಕ್ಟರ್ ಸರಿ ಇಲ್ಲ’ ಅಂದರೆ ಇನ್ನೂ ಕೊಳಕು. ‘ವ್ಯಕ್ತಿತ್ವ’ ಅಂದರೆ ಭಾಷಣದ ಪದ. ಜೂಜಿನ ದಲ್ಲಾಳಿ ಹಾಗೆ ಮಾತಾಡುವುದಿಲ್ಲ. ‘ಕೆಚ್ಚು’ ಚೆನ್ನಾಗಿತ್ತು, ಆದರೆ ಎಡ್ಡಿಗೆ ಕೆಚ್ಚಿನ ಕೊರತೆ ಇರಲಿಲ್ಲ. ಫ್ಯಾಟ್ಸ್ ತಾನಾಗಿ ಸಾಕು ಅನ್ನುವವರೆಗೆ ಬಿಡೆನೆಂದು ಹಟ ಹಿಡಿದು ಕೂತವನು ಅವನೇ. ಮೇಷ್ಟ್ರು ‘ಗಟ್ಟಿತನ’ಕ್ಕೆ ಅಂಟಿಕೊಂಡರು. ಬರ್ಟ್‌ನ ಬಾಯಲ್ಲಿ ಅದು ಸರಿ ಕೂರುತ್ತಿತ್ತು.

ಕೊನೆಯ ದೃಶ್ಯಕ್ಕೆ ಹೋದಾಗ ‘ಗಟ್ಟಿತನ’ ಬಿದ್ದುಹೋಯಿತು. ಎಡ್ಡಿ ಏಮ್ಸ್‌ಗೆ ಮರಳಿ ಬಂದು, ಒಂದಾಟಕ್ಕೆ 3,000 ಡಾಲರ್ ಕಟ್ಟಿ, ಫ್ಯಾಟ್ಸ್ ಎದುರು ಆಡುತ್ತಾನೆ. ಆಡುತ್ತಾ ಆಡುತ್ತಾ ಬರ್ಟ್‌ಗೆ ಅವನದೇ ಮಾತು ತಿರುಗಿಸಿ ಹೇಳುತ್ತಾನೆ: ಟ್ಯಾಲೆಂಟ್ ಸಾಲದು ಅಂದಿದ್ದೆಯಲ್ಲ, ಈಗ ನನ್ನಲ್ಲಿ ಕ್ಯಾರೆಕ್ಟರೂ ಇದೆ, ಲೂಯಿವಿಲ್‌ನ ಹೋಟೆಲ್ ಕೋಣೆಯಲ್ಲಿ ಸಿಕ್ಕಿತು. ಸಾರಾ ಸತ್ತ ಕೋಣೆ ಅದು. ಇಲ್ಲಿ ‘ಗಟ್ಟಿತನ ಸಿಕ್ಕಿತು’ ಎಂದರೆ ಅವಳ ಸಾವಿನಿಂದ ಇವನು ಕಲ್ಲಾದ ಎಂದಾಗುತ್ತದೆ. ನ್ಯೂಮನ್‌ನ ಮುಖ ನೋಡಿ. ಅದು ಕಲ್ಲಾದವನ ಮುಖವಲ್ಲ. ನಮಗೆ ಬೇಕಾದ್ದು ಬರ್ಟ್‌ನ ಬಾಯಲ್ಲಿ ಧೈರ್ಯದಂತೆ, ಎಡ್ಡಿಯ ಬಾಯಲ್ಲಿ ದುಃಖದಂತೆ ಕೇಳುವ ಒಂದೇ ಪದ.

ಒಂದು ವಾರ ಸಿಕ್ಕಲಿಲ್ಲ. ಬೇರೇನೋ ಹುಡುಕುತ್ತಾ ಹಳೇ ನೋಟ್‌ಬುಕ್ ತಿರುವಿದೆ. ಮಾರ್ಕರ್ ಅಜ್ಜ ಹೇಳಿದ ಪದಗಳ ಪಟ್ಟಿ. ಅದರ ಪಕ್ಕದಲ್ಲಿ, ಓರೆಯಾಗಿ, ಪದಗಳ ಸಾಲಿಗೆ ಸೇರದ ಒಂದು ಮಾತು. ಒಬ್ಬ ಎಸ್ಟೇಟ್ ಸಾಹುಕಾರರ ಬಗ್ಗೆ ಅಜ್ಜ ಹೇಳಿದ್ದು: “ಅವರಿಗೆ ಕೈ ಇತ್ತು ಸ್ವಾಮಿ, ಎದೆ ಇರ್ಲಿಲ್ಲ. ಗೆಲ್ತಾ ಇದ್ದಾಗ್ಲೂ ಎದ್ದು ಹೋಗಕ್ಕೆ ಆಗ್ತಿರ್ಲಿಲ್ಲ.”

ಕೈ ಮತ್ತು ಎದೆ. ಎರಡೂ ಪದ ಒಂದೇ ಸಾಲಿನಲ್ಲಿ, ನನ್ನದೇ ಅಕ್ಷರದಲ್ಲಿ, ಮೊದಲ ಪ್ರದರ್ಶನಕ್ಕೂ ಮುಂಚಿನಿಂದ ಅಲ್ಲೇ ಇದ್ದವು. ಅಜ್ಜನಿಂದ ಮೇಜಿನ ಪದ ಕಲಿಯಲು ಹೋಗಿದ್ದ ನನಗೆ ಮನುಷ್ಯರ ಬಗ್ಗೆ ಅವರಾಡಿದ್ದು ಕೇಳಿಸಿರಲೇ ಇಲ್ಲ. ಬಿಲಿಯರ್ಡ್ಸ್ ಕೋಣೆಯ ಗೋಡೆಗೆ ಒರಗಿ ಅಷ್ಟು ವರ್ಷ ಕೂತವನ ಮುಖ ನೋಡಿದವರು, ಈ ಚಿತ್ರ ಕೇಳುವ ಪ್ರಶ್ನೆಗೆ ಉತ್ತರ ಎಂದೋ ಕಂಡುಕೊಂಡಿದ್ದರು.

‘ಕೈ’ ಬಂದದ್ದರಿಂದ ಪುಸ್ತಕದ ‘ಪ್ರತಿಭೆ’ಯೂ ಹೋಯಿತು. ಮುರಿದ ಹೆಬ್ಬೆರಳಿನ ದೃಶ್ಯಕ್ಕೆ ಇನ್ನೊಂದು ಆಳ ಬಂತು: ಇದ್ದ ಕೈಯನ್ನೂ ಕಳೆದುಕೊಂಡವನು ಈಗ ಏನಿಟ್ಟುಕೊಂಡು ಬದುಕುತ್ತಾನೆ? ‘ಎದೆ’ ಇನ್ನೂ ದೊಡ್ಡದು. ಎದೆ ಇದ್ದವನು ಎನ್ನುತ್ತೇವೆ, ಎದೆ ಒಡೆಯಿತು ಎಂದೂ ಎನ್ನುತ್ತೇವೆ. ಬರ್ಟ್ ಮೊದಲನೆಯ ಅರ್ಥದಲ್ಲಿ ಹೇಳಿದ್ದನ್ನು ಎಡ್ಡಿ ಎರಡನೆಯ ಅರ್ಥದಲ್ಲಿ ಹಿಂದಿರುಗಿಸುತ್ತಾನೆ. “ಕೈ ಒಂದೇ ಸಾಲದು ಅಂದಿದ್ದೆ. ಈಗ ಎದೇನೂ ಇದೆ. ಲೂಯಿವಿಲ್‌ನ ಹೋಟೆಲ್ ರೂಮಲ್ಲಿ ಸಿಕ್ತು.” ಇದನ್ನು ಗಟ್ಟಿಯಾಗಿ ಓದಿದಾಗ ಮೇಷ್ಟ್ರು ಗಟ್ಟಿತನದ ವಾದ ಬಿಟ್ಟರು.

ಒಂದು ಕಡೆ ಮಾತ್ರ ರಾಜಿ ಮಾಡಿಕೊಂಡೆವು. ಫ್ಯಾಟ್ಸ್‌ನ ಒಂದು ಬೆರಳಿನಲ್ಲಿರುವಷ್ಟು ನಿನ್ನ ಇಡೀ ಮೈಯಲ್ಲಿಲ್ಲ ಎಂಬರ್ಥದ ಸಾಲಿನಲ್ಲಿ ‘ಬೆರಳಿನ ಎದೆ’ ಎನ್ನಲಾಗುವುದಿಲ್ಲ. ಅಲ್ಲಿ ‘ಎದೆಗಾರಿಕೆ’ ಎಂದಿದ್ದೇವೆ.

ಕನ್ನಡಿಯ ಮೂರು ಪದಕ್ಕೆ ಯಾರ ಮೇಲೂ ಬೊಟ್ಟು ಮಾಡದ ರೂಪ ಬೇಕಿತ್ತು. ‘ವಿಕೃತ. ಸೊಟ್ಟ. ಕುಂಟು.’ ಎಂದು ಇಟ್ಟು, ಮೊದಲ ದೃಶ್ಯದಲ್ಲೂ ಅದೇ ಮೂರು ಪದ, ಅದೇ ಕ್ರಮದಲ್ಲಿ ಬರುವಂತೆ ಸಾಲು ಕಟ್ಟಿದೆವು.

ಪ್ರವಾಸಕ್ಕೆ ಹೋದ ದೃಶ್ಯವನ್ನೂ ಮತ್ತೆ ಬರೆದೆವು. ಹುಲ್ಲಿನ ಮೇಲೆ ಕೂತು, ಎರಡೂ ಕೈಗೆ ಪ್ಲಾಸ್ಟರ್ ಹಾಕಿಕೊಂಡ ಎಡ್ಡಿ, ಆಟ ಕೂಡಿಬಂದಾಗ ಕ್ಯೂನಲ್ಲಿ ನರಗಳಿದ್ದ ಹಾಗೆ, ಅದು ತನ್ನ ಮೈಯದೇ ಭಾಗವಾದ ಹಾಗೆ ಅನ್ನಿಸುತ್ತದೆ ಎಂದು ಹೇಳುತ್ತಾನೆ. ಕೇಳಿದ ಸಾರಾ, ನೀನು ಸೋಲುವವನಲ್ಲ, ಗೆದ್ದವನು, ಎಷ್ಟೋ ಜನರಿಗೆ ಯಾವುದರ ಬಗ್ಗೆಯೂ ಹೀಗೆ ಅನ್ನಿಸುವುದೇ ಇಲ್ಲ ಎನ್ನುತ್ತಾಳೆ. ಚಿತ್ರದಲ್ಲಿ ಬರ್ಟ್‌ನ ಲೆಕ್ಕವನ್ನು ಅಲ್ಲಗಳೆಯುವ ಮೊದಲ ಮಾತು ಅವಳದು. ಹಳೇ ಆವೃತ್ತಿಯಲ್ಲಿ ಬರ್ಟ್‌ನ ‘ಸೋಲೋ ಗಿರಾಕಿ’ಗೂ ಇವಳ ಮಾತಿಗೂ ಪದದ ಸಂಬಂಧವೇ ಇರಲಿಲ್ಲ. ಈಗ “ನೀನು ಸೋಲೋ ಗಿರಾಕಿ ಅಲ್ಲ, ಎಡ್ಡಿ” ಎಂದೇ ಇದೆ. ಬರ್ಟ್ ಆ ಮಾತನ್ನು ಫ್ಯಾಟ್ಸ್‌ಗೆ ಹೇಳಿದಾಗ ಸಾರಾ ಅಲ್ಲಿರಲಿಲ್ಲ, ಆದರೂ ಉತ್ತರ ಅವಳಿಂದಲೇ ಬರಬೇಕು.

ಈ ತಿದ್ದುಪಡಿಯ ಹೊತ್ತಿನಲ್ಲೇ ಮೇಷ್ಟ್ರು ನಿರ್ದೇಶಕರ ಹಿನ್ನೆಲೆ ಓದಿ ಬಂದರು. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದ ಕಾಲದಲ್ಲಿ, ಅಲ್ಲಿನ ಸಂಸತ್ತಿನ ಸಮಿತಿಯೊಂದರ 1951ರ ವಿಚಾರಣೆಯಲ್ಲಿ ರಾಸನ್ ಕಮ್ಯುನಿಸ್ಟರು ಎಂದು ಯಾರ ಹೆಸರನ್ನೂ ಹೇಳಲಿಲ್ಲ. ಹಾಲಿವುಡ್‌ನಲ್ಲಿ ಕೆಲಸ ಹೋಯಿತು. 1953ರಲ್ಲಿ ಮತ್ತೆ ಸಮಿತಿಯ ಮುಂದೆ ಹೋಗಿ 50ಕ್ಕೂ ಹೆಚ್ಚು ಹೆಸರು ಹೇಳಿದರು. ಚಿತ್ರವನ್ನು ಅವರ ಬದುಕಿಗೆ ನೇರವಾಗಿ ಗಂಟು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಗೆದ್ದದ್ದರಲ್ಲಿ 75 ಪಾಲು ನನಗೆ, 25 ನಿನಗೆ ಎನ್ನುವ ಬರ್ಟ್‌ಗೆ ಎಡ್ಡಿ ತಲೆಬಾಗುವ ದೃಶ್ಯ ನೋಡುವಾಗ, ಆಟ ಉಳಿಸಿಕೊಳ್ಳಲು ಮನುಷ್ಯ ಏನನ್ನು ಒತ್ತೆ ಇಡುತ್ತಾನೆ ಎಂದು ಬಲ್ಲವರು ಮಾಡಿದ ಚಿತ್ರ ಇದು ಅನ್ನಿಸುತ್ತದೆ.

ಎರಡನೇ ಪ್ರದರ್ಶನ

ಮಳೆ ಕಳೆದ ಮೇಲೆ ಅದೇ ಚಿತ್ರವನ್ನು ಮತ್ತೆ ತೋರಿಸಿದೆವು. ಶುರುವಿಗೆ ಮುಂಚೆ ನಾನು ಎದ್ದುನಿಂತು, ಹೋದ ಸಲ ನಾವು ಬರೆದದ್ದರಲ್ಲಿ ತಪ್ಪಿತ್ತು, ಆ ತಪ್ಪಿನಿಂದ ಒಬ್ಬಳಿಗೆ ಅನ್ಯಾಯವಾಯಿತು ಎಂದು ಹೇಳಿದೆ. ಯಾವ ಪದ ಎಂದು ಹೇಳಲಿಲ್ಲ. ಹೇಳಿದ್ದರೆ ಜನ ಚಿತ್ರ ಬಿಟ್ಟು ಪದ ಹುಡುಕುತ್ತಿದ್ದರು.

ಈ ಸಲ ಬದಲಾದದ್ದು ನನ್ನ ಗಮನಕ್ಕೆ ಬಂದದ್ದು ಮೊದಲ ಪಂದ್ಯದಲ್ಲೇ. ರಾತ್ರಿಯಿಡೀ ಆಡಿ ಎಡ್ಡಿ ಕುಡಿದು ತೂರಾಡುತ್ತಿದ್ದಾನೆ. ಫ್ಯಾಟ್ಸ್ ಎದ್ದು ಹೋಗಿ, ಮುಖ ತೊಳೆದು, ತಲೆ ಬಾಚಿ, ಕೈಗೆ ಪೌಡರ್ ಹಾಕಿ, ಕೋಟು ತೊಟ್ಟು, ಆಗಷ್ಟೇ ಮನೆಯಿಂದ ಬಂದವನ ಹಾಗೆ ನಿಂತು ಆಟಕ್ಕೆ ಕರೆಯುತ್ತಾನೆ. ಮೊದಲ ಪ್ರದರ್ಶನದಲ್ಲಿ ಅಲ್ಲಿ ನಗು ಬಂದಿತ್ತು. ಈಗ ಮಾರ್ಕರ್ ಅಜ್ಜ ಪಕ್ಕದವರಿಗೆ ಕೇಳುವ ಹಾಗೆ, “ಮುಗೀತು,” ಎಂದರು. ಒಂದು ಚೆಂಡೂ ಆಗ ಇನ್ನೂ ಬಿದ್ದಿರಲಿಲ್ಲ.

ಚರ್ಚೆ ಮೊದಲಿನಷ್ಟು ಕಾವೇರಲಿಲ್ಲ. ಜನ ತಡವರಿಸಿ ಮಾತಾಡಿದರು. ಬರ್ಟ್‌ನನ್ನು ಎಡ್ಡಿ ಯಾಕೆ ಅಷ್ಟು ದಿನ ಸಹಿಸಿದ ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ‘ಅವಳನ್ನು ಕೊಂದದ್ದು ಯಾರು’ ಎಂಬ ಪ್ರಶ್ನೆ ಬಂತು. ಬರ್ಟ್ ಎಂದರು ಕೆಲವರು, ಎಡ್ಡಿಯೂ ಎಂದರು ಹೆಚ್ಚಿನವರು. ಮೊದಲ ಸಲ ‘ಇದೇ ಗತಿ’ ಎಂದಿದ್ದ ಹಿರಿಯರು ಈ ಸಲವೂ ಅವಳು ಕುಡಿಯಬಾರದಿತ್ತು ಎಂದೇ ಹೇಳಿದರು. ಪದ ಬದಲಿಸಿದರೆ ಎಲ್ಲರ ಮನಸ್ಸೂ ಬದಲಾಗುತ್ತದೆ ಎಂಬ ಭ್ರಮೆ ನಮಗೆ ಬೇಡ. ಆದರೆ ಈ ಸಲ ಅದು ಅವರ ಅಭಿಪ್ರಾಯವಾಗಿತ್ತು. ಹೋದ ಸಲ ಅದಕ್ಕೆ ತೆರೆಯ ಕೆಳಗಿನ ಅಕ್ಷರದ ಒತ್ತಾಸೆ ಇತ್ತು. ಸಬ್‌ಟೈಟಲ್ ಬರೆಯುವವರ ಹೊಣೆ ಈ ಎರಡರ ನಡುವಿನ ಜಾಗದಲ್ಲಿದೆ ಎಂದು ನನ್ನ ನಂಬಿಕೆ.

ನಮ್ಮ ಕೆಲಸದ ಕ್ರಮವೂ ಬದಲಾಗಿದೆ. ಈಗ ಯಾವ ಚಿತ್ರವಾದರೂ ಮೊದಲ ಸಾಲಿನಿಂದ ಬರೆಯಲು ಕೂರುವುದಿಲ್ಲ. ಎರಡು ಸಲ ನೋಡಿ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟುವ ಪದಗಳನ್ನು ಮೊದಲು ಹೆಕ್ಕುತ್ತೇವೆ; ಕೊನೆಯ ಬಾರಿ ಆ ಪದ ಬರುವ ದೃಶ್ಯದಿಂದ ಶುರುಮಾಡಿ ಹಿಂದಕ್ಕೆ ಬರುತ್ತೇವೆ. ಆಮೇಲೆ ಇಂಗ್ಲಿಷ್ ಬಾರದ ಇಬ್ಬರಿಗೆ ಚಿತ್ರ ತೋರಿಸಿ, ಕತೆ ಹೇಳಿಸಿ ಕೇಳುತ್ತೇವೆ. ಅವರು ಹೇಳುವ ಕತೆಯಲ್ಲಿ ಯಾರ ಮೇಲೆ ತಪ್ಪು ಬಿದ್ದಿದೆ ಎಂದು ನೋಡಿ, ಅದು ಚಿತ್ರದ್ದೋ ನಮ್ಮದೋ ಎಂದು ಸಾಲು ಸಾಲಾಗಿ ತಪಾಸಣೆ ಮಾಡುತ್ತೇವೆ.

‘ದಿ ಹಸ್ಲರ್’ನ ಮೂರನೇ ಆವೃತ್ತಿ ಈಗ ನಡೆಯುತ್ತಿದೆ. ಅಂಗನವಾಡಿ ಟೀಚರ್ ಗುಂಪಿಗೆ ಸೇರಿದ್ದಾರೆ, ಸಾರಾಳ ದೃಶ್ಯಗಳೆಲ್ಲ ಅವರ ಕೈಗೆ ಹೋಗಿವೆ. ಕನ್ನಡಿಯ ಮೂರು ಪದವನ್ನು ಒಟ್ಟಿಗೆ ತೋರಿಸಬೇಡಿ, ಅವಳು ಬರೆದ ಹಾಗೆ ಒಂದಾದ ಮೇಲೊಂದು ಬರಲಿ ಎಂದು ಅವರು ಹೇಳಿದ್ದಾರೆ. ‘ಕುಂಟು’ ಪದ ಇನ್ನೊಂದು ಸೆಕೆಂಡ್ ಹೆಚ್ಚು ನಿಲ್ಲಲಿ ಎಂಬುದು ಅವರ ಹಟ. ಅಷ್ಟು ಹೊತ್ತು ಶಾಟ್ ಇಲ್ಲ ಎಂದು ಮೊಬೈಲ್ ಅಂಗಡಿಯ ಹುಡುಗ. ನಿನ್ನೆ ರಾತ್ರಿಯೂ ಇಬ್ಬರೂ ಅದೇ ದೃಶ್ಯವನ್ನು ಹಿಂದೆ ಮುಂದೆ ಓಡಿಸುತ್ತಾ ಕೂತಿದ್ದರು.